ರೇಡಿಯೇಷನ್ ಆದ ದವಡೆಯಲ್ಲಿ ಹಲ್ಲು ಕೀಳುವುದು: ಮೊದಲು ಡೋಸಿನ ಲೆಕ್ಕ, ನಂತರ ಮೂಳೆಯ ಕಾವಲು

ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಆಗುವುದು ಬೆಂಗಳೂರಿನಲ್ಲೋ ಮಣಿಪಾಲದಲ್ಲೋ. ಕೆಲವು ವರ್ಷ ಬಿಟ್ಟು ಹಲ್ಲು ನೋಯುವುದು ಹೊಸನಗರದಲ್ಲಿ, ಕೊಪ್ಪದಲ್ಲಿ, ಸಾಗರದ ಆಚೆಯ ಯಾವುದೋ ಹಳ್ಳಿಯಲ್ಲಿ. ದವಡೆಗೆ ಎಷ್ಟು ಡೋಸು ಬಿದ್ದಿದೆ ಎನ್ನುವ ಲೆಕ್ಕ ಅಲ್ಲಿ, ಹುಳುಕು ಹಲ್ಲು ಇಲ್ಲಿ. ಹೆಚ್ಚಿನ ಅನಾಹುತ ಆಗುವುದು ಈ ಎರಡರ ನಡುವೆ: ಹಲ್ಲು ಕಿತ್ತ ಗಾಯ ಮಾಯದೆ, ದವಡೆಯ ಮೂಳೆ ತೆರೆದುಕೊಂಡು ಕೆಡುತ್ತದೆ. "ಡಾಕ್ಟ್ರೇ, ಒಂದು ಹಲ್ಲು ತಾನೆ, ಕಿತ್ತು ಹಾಕಿ, ಮೂರು ಗಂಟೆ ಬಸ್ಸಿಗೆ ಹೋಗ್ಬೇಕು" ಎಂದು ಕುರ್ಚಿಯಲ್ಲಿ ಕೂತವರು ಹೇಳುತ್ತಾರೆ. ಕೀಳುವುದು ಸ್ವಲ್ಪ ಹೊತ್ತಿನ ಕೆಲಸ, ನಿಜ. ಆದರೆ ರೇಡಿಯೇಷನ್ ಆದ ದವಡೆಯ ಮಟ್ಟಿಗೆ ನಿಜವಾದ ಚಿಕಿತ್ಸೆ ಅದಕ್ಕೆ ಮುಂಚಿನ ವಿಚಾರಣೆ ಮತ್ತು ನಂತರದ ಆರು ತಿಂಗಳ ಕಾವಲು. ಶಿವಮೊಗ್ಗ ಸೀಮೆಯಲ್ಲಿ ಇಂಥ ರೋಗಿಗಳನ್ನು ನೋಡುವ ನಾವು ಅನುಸರಿಸುವ ಕ್ರಮವನ್ನು, ಎಲ್ಲಿ ಕೈ ತಪ್ಪುತ್ತದೆ ಎನ್ನುವುದನ್ನೂ ಸೇರಿಸಿ ಬರೆಯುತ್ತಿದ್ದೇವೆ. ತಾಲ್ಲೂಕು ಕೇಂದ್ರಗಳ ದಂತ ವೈದ್ಯರಿಗೂ ರೋಗಿಯ ಮನೆಯವರಿಗೂ ಇದು ಬೇಕಾಗುತ್ತದೆ. ಔಷಧದ ಪ್ರಮಾಣಗಳು ವೈದ್ಯರ ತಿಳಿವಳಿಕೆಗೆ ಮಾತ್ರ, ಮನೆಯಲ್ಲಿ ತಾವೇ ಶುರು ಮಾಡುವುದಕ್ಕಲ್ಲ.

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು: ಮುಖಕ್ಕೆ, ಕುತ್ತಿಗೆಗೆ ಯಾವಾಗಲಾದರೂ ಕರೆಂಟ್ ಕೊಡಿಸಿದ್ದೀರಾ? ರೇಡಿಯೇಷನ್ ಎಂದು ಕೇಳಿದರೆ ಇಲ್ಲ ಎಂದವರು ಕರೆಂಟ್ ಎಂದಾಗ ಹೌದು ಎನ್ನುವುದುಂಟು. ಬಿಪಿ, ಶುಗರ್ ವಿಚಾರಿಸುವಾಗ ಇದನ್ನೂ ವಿಚಾರಿಸದಿದ್ದರೆ ಅವರಾಗಿ ಹೇಳುವುದಿಲ್ಲ. ಹತ್ತು ವರ್ಷ ಹಿಂದೆ ಮುಗಿದ ಕಾಯಿಲೆ, ಈಗ ಹಲ್ಲಿಗೂ ಅದಕ್ಕೂ ಏನು ಸಂಬಂಧ ಅಂದುಕೊಂಡಿರುತ್ತಾರೆ. ಸಂಬಂಧ ಇದೆ. ಕಾಲ ಕಳೆದಷ್ಟೂ ಈ ಅಪಾಯ ಕರಗಿ ಹೋಗುವುದಿಲ್ಲ, ಜೀವಮಾನದುದ್ದಕ್ಕೂ ಇರುತ್ತದೆ. ರೋಗಿ ಹೇಳದಿದ್ದರೂ ಬಾಯಿಯೇ ಕೆಲವು ಗುರುತು ಕೊಡುತ್ತದೆ: ಕೆನ್ನೆಯ ಒಂದು ಭಾಗದಲ್ಲಿ ಗಡ್ಡ ಬೆಳೆಯದಿರುವುದು, ಮುಟ್ಟಿದರೆ ಗಟ್ಟಿಯಾಗಿರುವ ಕುತ್ತಿಗೆಯ ಚರ್ಮ, ಪರೀಕ್ಷೆಯ ಕನ್ನಡಿ ಕೆನ್ನೆಯ ಒಳಗೋಡೆಗೆ ಅಂಟಿಕೊಳ್ಳುವಷ್ಟು ಒಣಗಿದ ಬಾಯಿ, ಹಲ್ಲಿನ ಬುಡದಲ್ಲಿ ವಸಡಿನ ಅಂಚಿಗೆ ಸುತ್ತಲೂ ಹಬ್ಬಿದ ಕಂದು ಹುಳುಕು.

ಮೂಳೆಗೆ ಏನಾಗಿದೆ ಎನ್ನುವುದು ಗೊತ್ತಿದ್ದರೆ ಮುಂದಿನ ಪ್ರತಿ ಹೆಜ್ಜೆಯ ಕಾರಣ ತಾನಾಗಿ ತಿಳಿಯುತ್ತದೆ. ರೇಡಿಯೇಷನ್‌ನಿಂದ ದವಡೆಯ ಮೂಳೆ ಅಂದೇ ಸಾಯುವುದಿಲ್ಲ. ಅದರೊಳಗಿನ ಸಣ್ಣ ರಕ್ತನಾಳಗಳ ಒಳಗೋಡೆ ದಪ್ಪವಾಗುತ್ತಾ ದಾರಿ ಮುಚ್ಚಿಕೊಳ್ಳುತ್ತದೆ. ಮೂಳೆ ಕಟ್ಟುವ ಕೋಶಗಳು ಕಡಿಮೆಯಾಗಿ ಆ ಜಾಗದಲ್ಲಿ ನಾರು ತುಂಬುತ್ತದೆ. ದಿನನಿತ್ಯದ ಸವೆತವನ್ನು ಹೇಗೋ ತೂಗಿಸಿಕೊಂಡು ಹೋಗುವ ಇಂಥ ಮೂಳೆ, ಗಾಯ ಆದಾಗ ಕೈಚೆಲ್ಲುತ್ತದೆ. ಆರೋಗ್ಯವಂತರ ದವಡೆಯಲ್ಲಿ ಹಲ್ಲು ಕಿತ್ತ ಕುಳಿಯಲ್ಲಿ ಮೊದಲ ದಿನ ರಕ್ತ ಹೆಪ್ಪುಗಟ್ಟುತ್ತದೆ, ವಾರದೊಳಗೆ ಅದರ ಜಾಗದಲ್ಲಿ ಎಳೆಯ ಕೆಂಪು ಮಾಂಸ ಬೆಳೆಯುತ್ತದೆ, ಮೂರನೇ ವಾರದಿಂದ ಎಂಟನೇ ವಾರದವರೆಗೆ ಹಸಿ ಮೂಳೆ ಕಟ್ಟುತ್ತದೆ, 4ರಿಂದ 6 ತಿಂಗಳಲ್ಲಿ ಎಕ್ಸ್‌ರೇಯಲ್ಲಿ ಕುಳಿ ತುಂಬಿದ್ದು ಕಾಣುತ್ತದೆ. ರೇಡಿಯೇಷನ್ ಆದ ದವಡೆಯಲ್ಲಿ ಇದೇ ಕ್ರಮ ನಿಧಾನವಾಗಿ, ಅರ್ಧರ್ಧಕ್ಕೆ ನಿಂತು ನಿಂತು ಸಾಗುತ್ತದೆ. ಮೇಲೆ ವಸಡು ಮುಚ್ಚಿ ಎಷ್ಟೋ ತಿಂಗಳಾದರೂ ಎಕ್ಸ್‌ರೇಯಲ್ಲಿ ಖಾಲಿ ಕುಳಿಯ ಗೆರೆ ಹಾಗೇ ಉಳಿದಿರುತ್ತದೆ. ಆ ಗೆರೆಯೊಂದೇ ಕಂಡರೆ ಹೆದರಿ ಮತ್ತೆ ಕೆದಕಬಾರದು.

ಮೇಲ್ದವಡೆಗಿಂತ ಕೆಳದವಡೆಗೆ ಅಪಾಯ ಬಹಳ ಹೆಚ್ಚು. ಮೇಲ್ದವಡೆ ಸ್ಪಂಜಿನ ರಚನೆಯ ಮೂಳೆ, ರಕ್ತ ನಾಲ್ಕು ಕಡೆಯಿಂದ ಬರುತ್ತದೆ. ಕೆಳದವಡೆ ಗಟ್ಟಿ ಮೂಳೆ, ಒಳಗಿನ ಒಂದು ಮುಖ್ಯ ರಕ್ತನಾಳವನ್ನು ನೆಚ್ಚಿಕೊಂಡದ್ದು. ರೇಡಿಯೇಷನ್ ಆದ ಮೇಲೆ ಆ ನಾಳ ಸೊರಗಿ, ಮೂಳೆಯ ಹೊರಗಿನ ಪೊರೆಯಿಂದ ಬರುವ ರಕ್ತವೇ ಆಧಾರ. ಹಲ್ಲು ಕೀಳುವಾಗ ಆ ಪೊರೆಯನ್ನು ಅಗಲವಾಗಿ ಎಬ್ಬಿಸಿದರೆ ಇದ್ದ ಆಧಾರವನ್ನೂ ನಾವೇ ಕಿತ್ತಂತೆ. ಕೆಳಗಿನ ಹಿಂದಿನ ದವಡೆ ಹಲ್ಲುಗಳ ಜಾಗವೇ ಅತಿ ಹೆಚ್ಚು ಕೆಡುವ ಜಾಗ.

ಇನ್ನು ಕಾಗದ. ಡಿಸ್ಚಾರ್ಜ್ ಸಮ್ಮರಿಯಲ್ಲಿ "66 ಗ್ರೇ, 33 ಫ್ರ್ಯಾಕ್ಷನ್" ಎಂದು ಬರೆದಿರುತ್ತದೆ. ಗ್ರೇ ಎಂದರೆ ರೇಡಿಯೇಷನ್ ಅಳೆಯುವ ಮಾನ, ಫ್ರ್ಯಾಕ್ಷನ್ ಎಂದರೆ ಒಂದು ಸಲಕ್ಕೆ ಕೊಡುವ ಕಂತು. ಇದು ಗಡ್ಡೆಗೆ ಕೊಟ್ಟ ಡೋಸು. ನಮಗೆ ಬೇಕಾದದ್ದು ಈ ಹಲ್ಲಿನ ಬುಡಕ್ಕೆ ಬಿದ್ದ ಡೋಸು. ಎರಡೂ ಒಂದೇ ಅಲ್ಲ. ಸಾಮಾನ್ಯವಾಗಿ ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ. ಶಸ್ತ್ರಚಿಕಿತ್ಸೆಯ ನಂತರ ಕೊಡುವುದಾದರೆ ಒಟ್ಟು 60 ಗ್ರೇ ಆಸುಪಾಸು, ರೇಡಿಯೇಷನ್ನೇ ಮುಖ್ಯ ಚಿಕಿತ್ಸೆಯಾದರೆ 66ರಿಂದ 70. ಆದರೆ ಧ್ವನಿಪೆಟ್ಟಿಗೆಯ ಆರಂಭದ ಕ್ಯಾನ್ಸರಿಗೆ ಚಿಕ್ಕ ಜಾಗಕ್ಕಷ್ಟೇ ಕೊಟ್ಟಿದ್ದರೆ ಹಲ್ಲುಗಳಿಗೆ ಬಿದ್ದದ್ದು ತೀರಾ ಕಡಿಮೆ. ಅಂಥವರಿಗೆ ಹೆದರಿಸಿ ಹಲ್ಲು ಉಳಿಸಿ ನರಳಿಸುವುದೂ ತಪ್ಪೇ. ಟಾನ್ಸಿಲ್, ನಾಲಿಗೆಯ ಬುಡದ ಕ್ಯಾನ್ಸರಾದರೆ ಕೆಳಗಿನ ಹಿಂದಿನ ದವಡೆ ಹಲ್ಲುಗಳು ಪೂರ್ತಿ ರೇಡಿಯೇಷನ್ ಬೀಳುವ ಜಾಗದ ಒಳಗೆ ಬಂದಿರುತ್ತವೆ. ಮೂಗಿನ ಹಿಂಭಾಗದ ಕ್ಯಾನ್ಸರಾದರೆ ಮೇಲಿನ ಹಿಂದಿನ ಹಲ್ಲುಗಳನ್ನೂ ನೋಡಬೇಕು. ಕಿವಿಯ ಮುಂದಿನ ಗ್ರಂಥಿಗೆ ಕೊಟ್ಟಿದ್ದರೆ ಒಂದು ಪಕ್ಕದ ದವಡೆ ಮಾತ್ರ. ಕೆನ್ನೆ ಮತ್ತು ವಸಡಿನ ಸಂದಿಯ ಕ್ಯಾನ್ಸರ್ ನಮ್ಮ ಕಡೆ ಹೆಚ್ಚು, ಅಲ್ಲಿ ದವಡೆಯೇ ಗುರಿಯ ಪಕ್ಕದಲ್ಲಿರುತ್ತದೆ.

ಹಳೆಯ ಕೋಬಾಲ್ಟ್ ಯಂತ್ರದಲ್ಲಿ ಎರಡೂ ಪಕ್ಕದಿಂದ ಎದುರುಬದುರು ಕೊಟ್ಟಿದ್ದರೆ ಹಿಂದಿನ ದವಡೆ ಎರಡೂ ಕಡೆ ಹೆಚ್ಚುಕಮ್ಮಿ ಪೂರ್ತಿ ಡೋಸು ತಿಂದಿದೆ ಎಂದೇ ಹಿಡಿಯಬೇಕು. ಈಗಿನ ಐಎಂಆರ್‌ಟಿ ವಿಧಾನದಲ್ಲಿ (ಕಿರಣದ ತೀವ್ರತೆಯನ್ನು ಜಾಗಕ್ಕೆ ತಕ್ಕಂತೆ ಹೆಚ್ಚುಕಮ್ಮಿ ಮಾಡುವುದು) ಒಂದೇ ದವಡೆಯ ಹಿಂಭಾಗಕ್ಕೆ 60 ದಾಟಿ, ಮುಂಭಾಗಕ್ಕೆ ಅದರ ಅರ್ಧವೂ ಬಿದ್ದಿಲ್ಲದಿರಬಹುದು. ಹಾಗಾಗಿ ಚಿಕಿತ್ಸೆ ಕೊಟ್ಟ ರೇಡಿಯೇಷನ್ ವಿಭಾಗಕ್ಕೆ ಪತ್ರ ಬರೆದು, ರೋಗಿಯ ನೋಂದಣಿ ಸಂಖ್ಯೆ ಮತ್ತು ಚಿಕಿತ್ಸೆ ಮುಗಿದ ತಿಂಗಳು ಹಾಕಿ, ಇಂಥ ಹಲ್ಲಿನ ಬುಡದ ಮೂಳೆಗೆ ಬಿದ್ದ ಗರಿಷ್ಠ ಡೋಸು ತಿಳಿಸಿ, ಬಣ್ಣದ ಡೋಸ್ ನಕ್ಷೆಯ ಆ ಪುಟ ಕಳಿಸಿ ಎಂದು ಕೇಳಬೇಕು. ಸ್ಪಷ್ಟವಾಗಿ ಹಲ್ಲಿನ ಹೆಸರು ಹಿಡಿದು ಕೇಳಿದರೆ ಉತ್ತರ ಸಿಗುತ್ತದೆ. "ರೋಗಿಯ ವಿವರ ಕೊಡಿ" ಎಂದರೆ ಅದೇ ಸಮ್ಮರಿ ಮತ್ತೆ ಬರುತ್ತದೆ. 50 ಗ್ರೇ ಒಳಗಿದ್ದರೆ ಎಚ್ಚರಿಕೆಯಿಂದ ಕೀಳಬಹುದು. 50 ದಾಟಿದರೆ ಈ ಬರಹದ ಉಳಿದ ಭಾಗವೆಲ್ಲ ಅನ್ವಯ. 60 ದಾಟಿದ ಕೆಳದವಡೆಯ ಹಲ್ಲಾದರೆ, ಕೀಳದೆ ಆಗುತ್ತದೆಯೇ ಎನ್ನುವುದೇ ಮೊದಲ ಪ್ರಶ್ನೆ. ಕಾಗದ ಸಿಗಲೇ ಇಲ್ಲವೆಂದರೆ ಪೂರ್ತಿ ಡೋಸು ಬಿದ್ದಿದೆ ಎಂದುಕೊಂಡೇ ನಡೆಯಬೇಕು.

ಕೀಳದೆ ಬಿಡುವ ದಾರಿ ಬಹಳ ಸಲ ಇರುತ್ತದೆ. ಜೊಲ್ಲುಗ್ರಂಥಿಗಳು ಬತ್ತಿದ ಬಾಯಲ್ಲಿ ಹುಳುಕು ವಸಡಿನ ಅಂಚಿನಲ್ಲಿ ಸುತ್ತಿ ಬಂದು, ಒಂದು ದಿನ ಹಲ್ಲಿನ ತಲೆ ಬುಡದಿಂದ ಮುರಿದು ಬೀಳುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ. ನೋವಿಲ್ಲದ್ದರಿಂದಲೇ ತಡವಾಗಿ ಬರುತ್ತಾರೆ. ಬೇರು ಅಲ್ಲಾಡುತ್ತಿಲ್ಲ, ಕೀವಿಲ್ಲ ಎಂದಾದರೆ ರೂಟ್ ಕೆನಾಲ್ ಮಾಡಿ, ಉಳಿದ ಹಲ್ಲನ್ನು ವಸಡಿನ ಮಟ್ಟಕ್ಕೆ ಸವೆಸಿ, ಮೇಲೆ ರೆಸಿನ್ ಸೇರಿದ ಗ್ಲಾಸ್ ಅಯೊನೊಮರ್ ಸಿಮೆಂಟಿನಿಂದ ಮುಚ್ಚಿ ಬೇರನ್ನು ಅಲ್ಲೇ ಬಿಡುತ್ತೇವೆ. ನೋಡಲು ಚೆಂದವಿಲ್ಲ, ಅಗಿಯಲು ಬರುವುದಿಲ್ಲ, ಆದರೆ ಮೂಳೆ ತೆರೆದುಕೊಳ್ಳುವುದಿಲ್ಲ. ಕಷ್ಟ ಇರುವುದು ಬಾಯಿ ತೆರೆಯುವುದರಲ್ಲಿ. ಮೇಲಿನ ಕೆಳಗಿನ ಬಾಚಿ ಹಲ್ಲುಗಳ ನಡುವೆ 35 ಎಂ.ಎಂ.ಗಿಂತ ಕಡಿಮೆ ಇದ್ದರೆ ಬಾಯಿ ಬಿಗಿದಿದೆ ಎಂದು ಲೆಕ್ಕ. 20 ಎಂ.ಎಂ. ಮಾತ್ರ ತೆರೆಯುವ ಬಾಯಲ್ಲಿ ಬೇರಿನ ಒಳಗನ್ನು ಸ್ವಚ್ಛ ಮಾಡುವ 21 ಎಂ.ಎಂ. ಉದ್ದದ ಫೈಲ್ ಹಿಂದಿನ ಹಲ್ಲಿಗೆ ನೇರ ಇಳಿಯುವುದೇ ಇಲ್ಲ. ಆಗ ಮೊದಲು ಹಲ್ಲಿನ ತಲೆಯನ್ನು ಸವೆಸಿ ತಗ್ಗಿಸಿ, ಕೆನ್ನೆಯ ಕಡೆಯಿಂದ ದಾರಿ ಮಾಡಿಕೊಂಡು ಕೆಲಸ ಮಾಡಬೇಕಾಗುತ್ತದೆ. ಬೇರಿನ ತುದಿ ದಾಟಿ ಫೈಲ್ ಹೋಗದಂತೆ ನೋಡಿಕೊಳ್ಳುವುದು ಇಲ್ಲಿ ಎಂದಿಗಿಂತ ಮುಖ್ಯ.

ಹಾಗಾದರೆ ಕೀಳಲೇಬೇಕಾದದ್ದು ಯಾವುದು? ಅಲ್ಲಾಡುವ, ಕೀವು ಸುರಿಸುವ, ರೂಟ್ ಕೆನಾಲ್ ಮಾಡಿದರೂ ಬುಡದ ಸೋಂಕು ಅಡಗದ ಹಲ್ಲು. ಅದನ್ನು ಬಿಟ್ಟರೆ ಸೋಂಕೇ ಮೂಳೆಯನ್ನು ಕೆಡಿಸುತ್ತದೆ. ಹೆದರಿ ಮುಂದೂಡುತ್ತಾ ಹೋಗಿ, ಕೆನ್ನೆ ಊದಿದ ಮೇಲೆ ರಾತ್ರೋರಾತ್ರಿ ಕೀಳಿಸುವುದು ಎಲ್ಲಕ್ಕಿಂತ ಕೆಟ್ಟ ದಾರಿ.

ಈಗಷ್ಟೇ ಕ್ಯಾನ್ಸರ್ ಗೊತ್ತಾಗಿ, ರೇಡಿಯೇಷನ್ ಇನ್ನೂ ಶುರುವಾಗಿಲ್ಲದವರಿಗೆ ಒಂದು ಮಾತು. ಈ ತೊಂದರೆಯ ಬಹುಪಾಲನ್ನು ತಪ್ಪಿಸುವ ಕಾಲ ಅದೇ. ಕಿತ್ತ ಗಾಯಕ್ಕೆ ಕನಿಷ್ಠ 14 ದಿನ, ಸಾಧ್ಯವಿದ್ದರೆ 21 ದಿನ ಸಿಗುವಂತೆ, ಉಳಿಯದ ಹಲ್ಲುಗಳನ್ನು ಮೊದಲೇ ತೆಗೆಸಬೇಕು: ತುಂಬಲಾಗದ ಹುಳುಕಿನವು, ವಸಡಿಗೂ ಹಲ್ಲಿಗೂ ನಡುವಿನ ಸಂದಿಯ (ಪಾಕೆಟ್) ಆಳ 6 ಎಂ.ಎಂ. ಮೀರಿದವು, ಬುಡದಲ್ಲಿ ಸೋಂಕಿರುವವು, ಅರ್ಧ ಹುಟ್ಟಿ ನಿಂತ ಬುದ್ಧಿಹಲ್ಲು. ಶಸ್ತ್ರಚಿಕಿತ್ಸೆ ಆದ ಮೇಲೆ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕಾದ್ದರಿಂದ ಕಾಲ ಬಿಗಿ ಇರುತ್ತದೆ. ಹಾಗಾಗಿ ಕ್ಯಾನ್ಸರ್ ಗಡ್ಡೆ ತೆಗೆಯುವ ಅದೇ ಅರಿವಳಿಕೆಯಲ್ಲಿ ಈ ಹಲ್ಲುಗಳನ್ನೂ ತೆಗೆಸುವುದು ಜಾಣತನ. ಶಸ್ತ್ರಚಿಕಿತ್ಸೆಗೆ ಹೋಗುವ ಮೊದಲೇ ಊರಿನ ದಂತ ವೈದ್ಯರಲ್ಲಿ ಎರಡೂ ದವಡೆ ಒಟ್ಟಿಗೆ ಕಾಣುವ ಓಪಿಜಿ ಎಕ್ಸ್‌ರೇ ತೆಗೆಸಿ, ಯಾವ ಹಲ್ಲು ಉಳಿಯುವುದಿಲ್ಲ ಎಂದು ಚೀಟಿ ಬರೆಸಿಕೊಂಡು ಹೋದರೆ ಅಲ್ಲಿನ ಸರ್ಜನ್‌ಗೂ ಅನುಕೂಲ. ಉಳಿದ ಹಲ್ಲುಗಳಿಗೆ ಅಚ್ಚು ತೆಗೆದು ಮಾಡಿದ ತೆಳು ಟ್ರೇಯಲ್ಲಿ 1.1 ಶೇಕಡ ನ್ಯೂಟ್ರಲ್ ಸೋಡಿಯಂ ಫ್ಲೋರೈಡ್ ಜೆಲ್ ಹಾಕಿ ರಾತ್ರಿ 5ರಿಂದ 10 ನಿಮಿಷ ಇಟ್ಟುಕೊಂಡು, ಉಗಿದು, ಅರ್ಧ ಗಂಟೆ ಏನೂ ತಿನ್ನದೆ ಕುಡಿಯದೆ ಇರಬೇಕು. ಆಮ್ಲೀಯ ಫ್ಲೋರೈಡ್ ಬೇಡ; ಒಣ ಬಾಯಿಗೆ ಉರಿ, ಗ್ಲಾಸ್ ಅಯೊನೊಮರ್ ಫಿಲ್ಲಿಂಗನ್ನೂ ತಿನ್ನುತ್ತದೆ. ಟ್ರೇ ಮಾಡಿಸಲಾಗದವರಿಗೆ 5000 ಪಿಪಿಎಂ ಫ್ಲೋರೈಡ್ ಪೇಸ್ಟ್. ಇದು ಜೀವನಪರ್ಯಂತದ ಅಭ್ಯಾಸ.

ಕೀಳುವುದು ಎಂದು ತೀರ್ಮಾನವಾದ ಮೇಲೆ ಅಧಿಕ ಒತ್ತಡದಲ್ಲಿ ಆಮ್ಲಜನಕ ಉಸಿರಾಡಿಸುವ ಕೋಣೆಯ ಪ್ರಶ್ನೆ ಬಂದೇ ಬರುತ್ತದೆ, ಏಕೆಂದರೆ ಯಾರೋ ಹೇಳಿರುತ್ತಾರೆ. ಅಮೆರಿಕದ ಸರ್ಜನ್ ರಾಬರ್ಟ್ ಮಾರ್ಕ್ಸ್ 1983ರಲ್ಲಿ, ರೇಡಿಯೇಷನ್ ಆದ ಮೂಳೆ ಕೆಡುವುದು ಸೋಂಕಿನ ಕಾಯಿಲೆಯಲ್ಲ, ರಕ್ತ, ಕೋಶ, ಆಮ್ಲಜನಕ ಮೂರೂ ಕಡಿಮೆಯಾದ ಮೂಳೆಯ ಕಾಯಿಲೆ ಎಂದು ವಿವರಿಸಿದರು. 1985ರಲ್ಲಿ ಅವರ ತಂಡ 74 ಜನರ ಅಧ್ಯಯನ ಪ್ರಕಟಿಸಿತು: ಹಲ್ಲು ಕೀಳುವ ಮುನ್ನ ಮತ್ತು ನಂತರ ಅಧಿಕ ಒತ್ತಡದ ಆಮ್ಲಜನಕ ಕೊಟ್ಟವರಲ್ಲಿ 5.4 ಶೇಕಡ, ಪೆನಿಸಿಲಿನ್ ಮಾತ್ರ ಕೊಟ್ಟವರಲ್ಲಿ 29.9 ಶೇಕಡ ಜನರ ಮೂಳೆ ಕೆಟ್ಟಿತ್ತು. ಆ ಕ್ರಮದ ಪ್ರಕಾರ 2.4 ಪಟ್ಟು ವಾತಾವರಣದ ಒತ್ತಡದಲ್ಲಿ ತಲಾ 90 ನಿಮಿಷದಂತೆ ಮೊದಲು 20, ನಂತರ 10 ಸಲ ಕೋಣೆಯಲ್ಲಿ ಕೂರಬೇಕು. ಆದರೆ 2019ರಲ್ಲಿ ಪ್ರಕಟವಾದ ಹೋಪಾನ್ ಎಂಬ ಬ್ರಿಟನ್ ಮೂಲದ ಪ್ರಯೋಗದಲ್ಲಿ ಎರಡೂ ಗುಂಪಿಗೆ ಆ್ಯಂಟಿಬಯೋಟಿಕ್ ಮತ್ತು ಬಾಯಿ ಮುಕ್ಕಳಿಸುವ ಸೋಂಕುನಾಶಕ ಕ್ಲೋರ್‌ಹೆಕ್ಸಿಡಿನ್ ಕೊಟ್ಟು, ಒಂದಕ್ಕೆ ಮಾತ್ರ ಆಮ್ಲಜನಕ ಕೊಟ್ಟಾಗ ಆರು ತಿಂಗಳಲ್ಲಿ ಮೂಳೆ ಕೆಟ್ಟ ಪ್ರಮಾಣ 6.4 ಮತ್ತು 5.7 ಶೇಕಡ. ವ್ಯತ್ಯಾಸವೇ ಇಲ್ಲ. 2011ರ ಒಂದು ಸಮಗ್ರ ವಿಮರ್ಶೆಯಲ್ಲೂ ರೇಡಿಯೇಷನ್ ಆದವರಲ್ಲಿ ಹಲ್ಲು ಕಿತ್ತ ಮೇಲೆ ಮೂಳೆ ಕೊಳೆಯುವವರು ಒಟ್ಟಾರೆ ಸುಮಾರು 7 ಶೇಕಡ ಎಂದೇ ಬಂದಿದೆ. ಮೂವತ್ತು ದಿನ ನಗರದಲ್ಲಿ ರೂಮು ಮಾಡಿ, ತೋಟ ಬಿಟ್ಟು, ಸಾಲ ಮಾಡಿ ಈ ಕೋಣೆಗೆ ಹೋಗಿ ಎಂದು ಒಂದು ಹಲ್ಲಿಗಾಗಿ ಯಾರಿಗೂ ನಾವು ಹೇಳುವುದಿಲ್ಲ. ಆ ದುಡ್ಡು ಐದಾರು ಸಲ ತಪಾಸಣೆಗೆ ಬಂದು ಹೋಗುವ ಬಸ್ಸಿಗೆ ಇರಲಿ.

ಅದರ ಬದಲು ಎರಡು ಮಾತ್ರೆಗಳನ್ನು ಬಳಸುತ್ತೇವೆ. ಡೆಲಾನಿಯನ್ ಮತ್ತು ಲೆಫೆ ಎಂಬ ಫ್ರೆಂಚ್ ಸಂಶೋಧಕರು 2004ರಲ್ಲಿ, ಮೂಲ ತೊಂದರೆ ನಾರು ತುಂಬುವುದರಲ್ಲಿದೆ ಎಂಬ ವಿವರಣೆ ಮುಂದಿಟ್ಟ ಮೇಲೆ ಬಳಕೆಗೆ ಬಂದ ಜೋಡಿ ಇದು. ಪೆಂಟಾಕ್ಸಿಫಿಲಿನ್ 400 ಮಿ.ಗ್ರಾಂ ದಿನಕ್ಕೆ ಎರಡು ಸಲ ಊಟದ ನಂತರ, ಜೊತೆಗೆ ವಿಟಮಿನ್ ಇ ದಿನಕ್ಕೆ ಒಟ್ಟು 1000 ಐಯು ಸುಮಾರು. ನಮ್ಮ ಔಷಧ ಅಂಗಡಿಗಳಲ್ಲಿ ವಿಟಮಿನ್ ಇ 400ರ ಕ್ಯಾಪ್ಸೂಲ್ ಸುಲಭವಾಗಿ ಸಿಗುವುದರಿಂದ ದಿನಕ್ಕೆ ಎರಡು ಕೊಡುವುದು ರೂಢಿ. ಕೀಳುವ ಎರಡರಿಂದ ನಾಲ್ಕು ವಾರ ಮುಂಚೆ ಶುರು, ಕಿತ್ತ ನಂತರ ಎಂಟು ವಾರವಾದರೂ ಮುಂದುವರಿಕೆ. ಇದರ ಸಾಕ್ಷ್ಯ ದೊಡ್ಡ ಪ್ರಯೋಗಗಳಿಂದ ಬಂದದ್ದಲ್ಲ. ಅಗ್ಗ, ಅಪಾಯ ಕಡಿಮೆ ಎನ್ನುವ ಕಾರಣಕ್ಕೆ ಕೊಡುತ್ತೇವೆ. ವಾಕರಿಕೆ, ತಲೆ ಸುತ್ತು ಬರಬಹುದು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ, ಈಚೆಗೆ ಮೆದುಳಿನಲ್ಲೋ ಕಣ್ಣಿನಲ್ಲೋ ರಕ್ತಸ್ರಾವ ಆದವರಿಗೆ ಕೊಡಬಾರದು ಅಥವಾ ಅವರ ವೈದ್ಯರನ್ನು ಕೇಳಿಯೇ ಕೊಡಬೇಕು. ಮೂಳೆಗೆ ಹರಡಿದ ಕ್ಯಾನ್ಸರಿಗೆ ಝೋಲೆಡ್ರೊನಿಕ್ ಆಮ್ಲದ ಇಂಜೆಕ್ಷನ್ ಆಗಿದೆಯೇ ಎಂದೂ ಇದೇ ಹೊತ್ತಿಗೆ ಕೇಳಿಕೊಳ್ಳಬೇಕು. ಅದೂ ದವಡೆಯ ಮೂಳೆಯನ್ನು ಕೆಡಿಸಬಲ್ಲದು, ಆದರೆ ಅದೊಂದು ಬೇರೆಯೇ ಅಪಾಯ.

ದಿನ ಗೊತ್ತು ಮಾಡುವಾಗ ಮಲೆನಾಡಿನ ಕ್ಯಾಲೆಂಡರ್ ನೋಡಲೇಬೇಕು. ಜಡಿಮಳೆಯ ತಿಂಗಳುಗಳಲ್ಲಿ ಧರೆ ಕುಸಿದು ರಸ್ತೆ ಕಟ್ಟುತ್ತದೆ, ಅಡಿಕೆ ಕೊಯ್ಲಿನಲ್ಲಿ ಮನೆಯಿಂದ ಯಾರೂ ಕದಲುವುದಿಲ್ಲ. ಎರಡನೇ ವಾರದ ತಪಾಸಣೆ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ತುರ್ತಿಲ್ಲದ ಹಲ್ಲಾದರೆ ಆ ಎರಡು ಕಾಲ ಬಿಟ್ಟು ಇಟ್ಟುಕೊಳ್ಳುತ್ತೇವೆ. ನೆಟ್‌ವರ್ಕ್ ಸಿಗುವ ಯಾರಾದರೊಬ್ಬರ ನಂಬರನ್ನು, ಮಗನದ್ದೋ ಪಕ್ಕದ ಮನೆಯವರದ್ದೋ, ಬರೆದಿಟ್ಟುಕೊಳ್ಳುತ್ತೇವೆ. ಒಂದು ಸಲಕ್ಕೆ ಒಂದು ಪಕ್ಕದಲ್ಲಿ ಒಂದೆರಡು ಹಲ್ಲು ಮಾತ್ರ. ಅದು ವಾಸಿಯಾಗುವ ಬಗೆ ನೋಡಿ ಮುಂದಿನದು. ದೂರದಿಂದ ಬಂದಿದ್ದಾರೆ, ಆರೂ ಒಟ್ಟಿಗೆ ತೆಗೆದು ಕಳಿಸೋಣ ಎನ್ನುವ ಕರುಣೆ ಇಲ್ಲಿ ಕೆಡುಕೇ ಮಾಡುತ್ತದೆ.

ಕೀಳುವ ಒಂದು ಗಂಟೆ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ. ಪೆನಿಸಿಲಿನ್ ಒಗ್ಗದವರಿಗೆ ಕ್ಲಿಂಡಾಮೈಸಿನ್. ಕುರ್ಚಿಯಲ್ಲಿ ಕೂರುವ ಮುಂಚೆ ಕ್ಲೋರ್‌ಹೆಕ್ಸಿಡಿನ್‌ನಿಂದ ಒಂದು ನಿಮಿಷ ಬಾಯಿ ಮುಕ್ಕಳಿಸುವುದು. ಅರಿವಳಿಕೆ ನರದ ಬುಡಕ್ಕೆ, ಅಂದರೆ ಗಾಯದಿಂದ ದೂರ. ಬಾಯಿ ತೆರೆಯದವರಿಗೆ ಬಾಯಿ ಮುಚ್ಚಿದಂತೆಯೇ ಕೊಡುವ ಅಕಿನೋಸಿ ವಿಧಾನ ಗೊತ್ತಿರಬೇಕು. ನಮ್ಮಲ್ಲಿ ಎಲ್ಲೆಡೆ ಸಿಗುವ ಲಿಗ್ನೊಕೇಯ್ನ್‌ನಲ್ಲಿ ರಕ್ತನಾಳ ಬಿಗಿಸುವ ಅಡ್ರಿನಲಿನ್ 80,000ಕ್ಕೆ ಒಂದು ಪಾಲಿರುತ್ತದೆ. ಅದು ಕಡಿಮೆ ಇರುವ, 2,00,000ಕ್ಕೆ ಒಂದರ ಔಷಧವನ್ನೋ ಅಡ್ರಿನಲಿನ್ ಇಲ್ಲದ್ದನ್ನೋ ನಾವು ಆರಿಸುತ್ತೇವೆ. ಹಲ್ಲಿನ ಸಂದಿಗೆ, ವಸಡಿನ ಅಂಚಿಗೆ ಒತ್ತಿ ಚುಚ್ಚುವುದು ಬೇಡ. ಬಿಳುಪೇರಿ ಒತ್ತಿಕೊಂಡ ವಸಡಿನ ಅಂಚು ಆಮೇಲೆ ಕೊಳೆತು ಬೀಳುತ್ತದೆ.

ಕೆಳಗಿನ ಮೊದಲ ದವಡೆ ಹಲ್ಲನ್ನೇ ತೆಗೆದುಕೊಳ್ಳೋಣ. ಇಕ್ಕಳ ಹಾಕಿ ಎರಡೂ ಕಡೆ ತೊನೆದಾಡಿಸುವುದಿಲ್ಲ. ಸ್ಥಿತಿಸ್ಥಾಪಕತ್ವ ಕಳೆದುಕೊಂಡ ಮೂಳೆ ಅಗಲುವುದಿಲ್ಲ, ಸೀಳುತ್ತದೆ. ಮೊದಲು ತೆಳ್ಳನೆಯ ಪೆರಿಯೋಟೋಮ್ ಅಲಗನ್ನು ಹಲ್ಲಿಗೂ ಮೂಳೆಗೂ ನಡುವಿನ ಸಂದಿಯಲ್ಲಿ ಬೇರಿನ ಮೈಗೆ ಆನಿಸಿಕೊಂಡು ಸುತ್ತಲೂ ಇಳಿಸುವುದು. ಆಮೇಲೆ ನೇರ ಹ್ಯಾಂಡ್‌ಪೀಸ್‌ಗೆ ಟಂಗ್‌ಸ್ಟನ್ ಕಾರ್ಬೈಡ್ ಬರ್ ಹಾಕಿ, ಎರಡು ಬೇರು ಕವಲೊಡೆಯುವ ಜಾಗಕ್ಕೆ ಸರಿಯಾಗಿ ಕೆನ್ನೆಯ ಕಡೆಯಿಂದ ನಾಲಿಗೆಯ ಕಡೆಗೆ ಹಲ್ಲನ್ನು ಸೀಳುವುದು. ಪೂರ್ತಿ ಆಚೆ ದಾಟಿಸದೆ ಕೊನೆಯ ಸ್ವಲ್ಪ ಉಳಿಸಬೇಕು, ಆಚೆ ನಾಲಿಗೆಯ ನರ ಇದೆ. ಹಲ್ಲು ಮೀಟುವ ಎಲಿವೇಟರನ್ನು ಆ ಸೀಳಿನಲ್ಲಿಟ್ಟು ಸ್ವಲ್ಪ ತಿರುವಿದರೆ ಉಳಿದದ್ದು ಟಕ್ ಎಂದು ಬಿಡುತ್ತದೆ. ಈಗ ಎರಡು ಒಂಟಿ ಬೇರು. ಒಂದೊಂದನ್ನೂ ಅದು ಬಾಗಿದ ದಿಕ್ಕಿನಲ್ಲೇ ಹೊರಗೆ ತರಬೇಕು. ಬರ್ ಓಡುವಷ್ಟು ಹೊತ್ತೂ ತಣ್ಣನೆಯ ಸಲೈನ್ ಧಾರೆ ನಿಲ್ಲಬಾರದು. 47 ಡಿಗ್ರಿ ಸೆಲ್ಸಿಯಸ್ ಶಾಖ ಒಂದು ನಿಮಿಷ ತಾಗಿದರೆ ಆರೋಗ್ಯದ ಮೂಳೆಯೂ ಸಾಯುತ್ತದೆ. ಫಿಲ್ಲಿಂಗಿಗೆ ಬಳಸುವ ಏರೋಟರ್ ಇಲ್ಲಿ ಬೇಡವೇ ಬೇಡ: ಅದರ ಗಾಳಿ ಅಂಗಾಂಶದೊಳಗೆ ನುಗ್ಗುತ್ತದೆ, ಅದರ ನೀರೂ ಸ್ಟೆರೈಲ್ ಅಲ್ಲ.

ಬೇರುಗಳು ಬಂದ ಮೇಲೆ ಬೆರಳ ತುದಿಯಿಂದ ಕುಳಿಯ ಅಂಚನ್ನು ಸವರಿ ನೋಡಬೇಕು. ಎರಡು ಬೇರುಗಳ ನಡುವಿನ ಮೂಳೆಯ ಗೋಡೆ ಚೂಪಾಗಿ ಎದ್ದು ನಿಂತಿರುತ್ತದೆ. ಅದನ್ನು ಒಂದೆರಡು ಎಂ.ಎಂ. ತಗ್ಗಿಸಿ, ಬೋನ್ ಫೈಲ್‌ನಿಂದ ಒಂದೇ ದಿಕ್ಕಿಗೆ ಎಳೆದು ನುಣುಪು ಮಾಡಬೇಕು. ಮುಂದೆ ಮೂಳೆ ತೆರೆದುಕೊಳ್ಳುವುದು ಬಹುತೇಕ ಇದೇ ಚೂಪಿನ ತುದಿಯಿಂದ. ಸೋಂಕಿನ ಮಾಂಸ ಇದ್ದರೆ ಹಗುರವಾಗಿ ಕೆರೆದು ಸಲೈನ್‌ನಿಂದ ತೊಳೆಯುವುದು. ನಂತರ 4-0 ವಿಕ್ರಿಲ್ ದಾರದಲ್ಲಿ, ಅಂಚಿನಿಂದ 3 ಎಂ.ಎಂ. ಬಿಟ್ಟು ಹೊಲಿಗೆ. ವಸಡಿನ ಎರಡು ಅಂಚು ಎಳೆತವಿಲ್ಲದೆ ಕೂಡಿದರೆ ಸರಿ. ಕೂಡದಿದ್ದರೆ? ಪೊರೆಯನ್ನು ಅಗಲವಾಗಿ ಎಬ್ಬಿಸಿ ಎಳೆದು ತಂದು ಮುಚ್ಚಲು ಕೈ ತುಡಿಯುತ್ತದೆ. ನಾವು ಹಾಗೆ ಮಾಡುವುದಿಲ್ಲ. ನಾರುಗಟ್ಟಿದ ವಸಡು ಎಳೆದರೆ ಹಿಗ್ಗದೆ ವಾರದಲ್ಲಿ ಹರಿಯುತ್ತದೆ, ಜೊತೆಗೆ ಮೂಳೆಯ ರಕ್ತವೂ ತಪ್ಪಿರುತ್ತದೆ. ಕೊಲಾಜೆನ್ ತುಂಡೋ, ರೋಗಿಯದೇ ರಕ್ತವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪಡೆದ ಪಿಆರ್‌ಎಫ್ ಪದರವೋ ಕುಳಿಯಲ್ಲಿಟ್ಟು ಎಂಟರ ಆಕಾರದ ಹೊಲಿಗೆ ಹಾಕುವುದು ಮೇಲು.

ಕಚ್ಚಿಸುವ ಗಾಜ್ ಒಣಗಿದ್ದಿರಬಾರದು. ಜೊಲ್ಲಿಲ್ಲದ ಬಾಯಲ್ಲಿ ಒಣ ಗಾಜ್ ಹೆಪ್ಪಿಗೆ ಅಂಟಿ, ತೆಗೆಯುವಾಗ ಹೆಪ್ಪನ್ನೂ ಕಿತ್ತುಕೊಂಡು ಬರುತ್ತದೆ. ಸಲೈನ್‌ನಲ್ಲಿ ನೆನೆಸಿ ಹಿಂಡಿ ಇಟ್ಟು, 30ರಿಂದ 45 ನಿಮಿಷ ಕೂರಿಸಿ, ತೆಗೆಯುವ ಮೊದಲು ಮತ್ತೊಮ್ಮೆ ಹನಿ ಹಾಕಿ ತೆಗೆಯಬೇಕು. ಬಸ್ಸಿನ ಆತುರಕ್ಕೆ ಇದನ್ನು ಬಿಡಬಾರದು.

ಮನೆಯಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ, ಆದರೆ ಬಿಡದೆ ಮಾಡಬೇಕು. ಆ್ಯಂಟಿಬಯೋಟಿಕ್ ಏಳರಿಂದ ಹತ್ತು ದಿನ, ನೋವು ಹೋಯಿತೆಂದು ಮಧ್ಯೆ ನಿಲ್ಲಿಸುವಂತಿಲ್ಲ. ಮರುದಿನದಿಂದ ಆಲ್ಕೋಹಾಲ್ ಇಲ್ಲದ ಕ್ಲೋರ್‌ಹೆಕ್ಸಿಡಿನ್ 10 ಎಂ.ಎಲ್. ದಿನಕ್ಕೆರಡು ಸಲ, ಉರಿದರೆ ಸಮ ನೀರು ಬೆರೆಸಿಕೊಳ್ಳಬಹುದು. ಊಟದ ನಂತರ, ಒಂದು ಲೋಟ ಬೆಚ್ಚನೆ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ಬಾಯಲ್ಲಿ ಹಿಡಿದು ಬಿಡುವುದು. ಜೋರಾಗಿ ಮುಕ್ಕಳಿಸುವುದು ಬೇಡ. ಗಂಜಿ, ಮೆತ್ತಗಿನ ಅನ್ನ ತಂಬುಳಿ, ನೆನೆಸಿದ ಇಡ್ಲಿ ಸರಿ. ಚಕ್ಕುಲಿ, ಗರಿಯಾದ ಅಕ್ಕಿರೊಟ್ಟಿ, ಮಿಡಿ ಉಪ್ಪಿನಕಾಯಿ ಹೊಲಿಗೆ ಬಿಚ್ಚುವವರೆಗೂ ದೂರ. ಬೀಡಿ, ಹೊಗೆಸೊಪ್ಪು ಬಿಡಬೇಕು ಎನ್ನುವುದನ್ನು ಎಲ್ಲರೂ ಒಪ್ಪುತ್ತಾರೆ. ಎಲೆಅಡಿಕೆಯ ಮಾತು ಬಂದಾಗ "ಹೊಗೆಸೊಪ್ಪು ಹಾಕೋದಿಲ್ಲ, ಬರೀ ಅಡಿಕೆ" ಎನ್ನುತ್ತಾರೆ. ಅಡಿಕೆ ಬೆಳೆದು ಬದುಕುವ ಸೀಮೆಯಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಆದರೂ ಹೇಳಲೇಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರ ವರದಿಯಲ್ಲೇ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಕಿತ್ತ ಗಾಯಕ್ಕಂತೂ ಅಡಿಕೆಯ ಚೂರು ನೇರ ಶತ್ರು. ಕೆನ್ನೆ ಬಿಗಿಸಿ ಬಾಯಿ ತೆರೆಯದಂತೆ ಮಾಡುವುದೂ ಅದೇ.

ಹೊಲಿಗೆಯನ್ನು ಏಳನೇ ದಿನ ಮುಟ್ಟುವುದಿಲ್ಲ, ನೋಡುತ್ತೇವೆ ಅಷ್ಟೆ. 10ರಿಂದ 14ನೇ ದಿನದ ನಡುವೆ ಉಳಿದ ದಾರ ತೆಗೆಯುವುದು. ನಂತರ ನಾಲ್ಕನೇ ವಾರ, ಮೂರನೇ ತಿಂಗಳು, ಆರನೇ ತಿಂಗಳು. ಪ್ರತಿ ಸಲವೂ ಪ್ರೋಬ್‌ನ ಅಳತೆ ಗೀಟು ಕಾಣುವಂತೆ ಗಾಯದ ಫೋಟೋ ತೆಗೆದಿಡುತ್ತೇವೆ; ಇಲ್ಲದಿದ್ದರೆ ಹೋದ ಸಲಕ್ಕಿಂತ ದೊಡ್ಡದಾಯಿತೋ ಚಿಕ್ಕದಾಯಿತೋ ಹೇಳಲಾಗುವುದಿಲ್ಲ. ಎರಡನೇ ವಾರದಲ್ಲಿ ಕಾಣಬೇಕಾದದ್ದು ಮುಚ್ಚಿದ, ತೆಳು ಗುಲಾಬಿ ವಸಡು. ಸ್ವಲ್ಪ ಬಿಳಿಚಿಕೊಂಡಿದ್ದರೂ ಮುಚ್ಚಿದ್ದರೆ ತೊಂದರೆಯಿಲ್ಲ. ಕೆಡುವ ಗಾಯದಲ್ಲಿ ಅಂಚು ಹಿಂದೆ ಸರಿದು, ನಡುವೆ ಸಾಸಿವೆ ಕಾಳಿನಷ್ಟು ಹಳದಿ ಬೂದು ಬಣ್ಣದ ಮೂಳೆ ಇಣುಕುತ್ತದೆ. ಪ್ರೋಬ್ ತಾಗಿಸಿದರೆ ಗಟ್ಟಿ, ರಕ್ತ ಬರುವುದಿಲ್ಲ, ರೋಗಿಗೆ ನೋವೂ ಆಗುವುದಿಲ್ಲ. "ನಾಲಿಗೆಗೆ ಏನೋ ಮುಳ್ಳು ಚುಚ್ಚಿದ ಹಾಗೆ" ಎಂದು ರೋಗಿಯೇ ಮೊದಲು ಹೇಳುತ್ತಾರೆ.

ಈ ಹಂತದಲ್ಲಿ ಅತಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಡ್ರೈ ಸಾಕೆಟ್ (ಹೆಪ್ಪು ಬಿದ್ದುಹೋಗಿ ನೋಯುವ ಖಾಲಿ ಕುಳಿ) ಎಂದು ಭಾವಿಸಿ ರಕ್ತ ಬರುವವರೆಗೆ ಕೆರೆಯುವುದು. ಕೆರೆದಷ್ಟೂ ಹೊಸ ಮೂಳೆ ಬತ್ತಲಾಗುತ್ತದೆ. ಮಾಡಬೇಕಾದದ್ದು: 20 ಎಂ.ಎಲ್. ಸಿರಿಂಜಿಗೆ ಮೊಂಡು ಸೂಜಿ ಹಾಕಿ ಸಲೈನ್‌ನಿಂದ ತೊಳೆಯುವುದು, ನಾಲಿಗೆಗೆ ಚುಚ್ಚುವ ತುದಿಯನ್ನಷ್ಟೇ ನುಣುಪು ಮಾಡುವುದು, ತಾನಾಗಿ ಸಡಿಲವಾದ ಮೂಳೆ ಚೂರಿದ್ದರೆ ಎತ್ತಿ ತೆಗೆಯುವುದು, ಪೆಂಟಾಕ್ಸಿಫಿಲಿನ್ ಮತ್ತು ವಿಟಮಿನ್ ಇ ಮುಂದುವರಿಸುವುದು, ಎರಡು ವಾರಕ್ಕೊಮ್ಮೆ ನೋಡುವುದು. ಮನೆಯವರಿಗೆ ಸಿರಿಂಜಿನಿಂದ ತೊಳೆಯುವುದನ್ನು ಕಲಿಸಿ ಕಳಿಸಿದರೆ ಚೆನ್ನಾಗಿ ಮಾಡುತ್ತಾರೆ. ಇಂಥ ಸಣ್ಣ ತೆರಪುಗಳು ಎಷ್ಟೋ ಸಲ ಒಂದು ಚೂರು ಉದುರಿದ ಮೇಲೆ ತಾವಾಗಿ ಮುಚ್ಚಿಕೊಳ್ಳುತ್ತವೆ.

ಮೂರು ತಿಂಗಳಾದರೂ ಮೂಳೆ ತೆರೆದೇ ಇದ್ದು, ಕ್ಯಾನ್ಸರ್ ಮರುಕಳಿಸಿಲ್ಲ ಎಂದು ಖಚಿತವಾದರೆ ಅದಕ್ಕೆ ಆಸ್ಟಿಯೋರೇಡಿಯೋನೆಕ್ರೋಸಿಸ್ ಎನ್ನುತ್ತಾರೆ. ಮರುಕಳಿಸಿಲ್ಲ ಎನ್ನುವುದನ್ನು ಊಹೆಯ ಮೇಲೆ ಬಿಡುವಂತಿಲ್ಲ: ಅಂಚು ಗಟ್ಟಿಯಾಗಿ ಉಬ್ಬಿದ್ದರೆ, ಮುಟ್ಟಿದರೆ ರಕ್ತ ಬಂದರೆ, ಕುತ್ತಿಗೆಯಲ್ಲಿ ಗಂಟು ಸಿಕ್ಕರೆ ಬಯಾಪ್ಸಿ ಆಗಲೇಬೇಕು. ಎಕ್ಸ್‌ರೇಯಲ್ಲಿ ಹಾನಿ ಹಲ್ಲಿನ ಕುಳಿಯ ಮೂಳೆಯಷ್ಟಕ್ಕೇ ನಿಂತಿದ್ದರೆ ಮೇಲಿನ ಆರೈಕೆಯೇ ತಿಂಗಳುಗಟ್ಟಲೆ ಮುಂದುವರಿಯುತ್ತದೆ. ದವಡೆಯೊಳಗಿನ ನರದ ಕಾಲುವೆ ದಾಟಿ ಕೆಳಗಿಳಿದರೆ, ಗಲ್ಲದ ಚರ್ಮದಲ್ಲಿ ರಂಧ್ರವಾಗಿ ಕೀವು ಬಂದರೆ, ದವಡೆ ಮುರಿದರೆ, ಕೆಟ್ಟ ಮೂಳೆ ತೆಗೆದು ಕಾಲಿನ ಫಿಬುಲಾ ಮೂಳೆಯನ್ನು ರಕ್ತನಾಳ ಸಮೇತ ತಂದು ಕೂರಿಸುವ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕೆಳತುಟಿ ಜೋಮು ಹಿಡಿದದ್ದು ಹಾಗೇ ಉಳಿದರೆ, ಬಾಯಿ ದಿನೇ ದಿನೇ ಬಿಗಿಯುತ್ತಿದ್ದರೆ, ಮುಂದಿನ ತಾರೀಖಿಗೆ ಕಾಯದೆ ಅಂದೇ ಬರಬೇಕು ಎಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಕೊಡುತ್ತೇವೆ.

ಹಲ್ಲು ಹೋದ ಜಾಗಕ್ಕೆ ಹಲ್ಲುಸೆಟ್ಟು ಯಾವಾಗ ಎಂದು ಮೊದಲ ತಿಂಗಳಲ್ಲೇ ಕೇಳುತ್ತಾರೆ. ಕೆಳದವಡೆಗಾದರೆ ಆರನೇ ತಿಂಗಳ ಎಕ್ಸ್‌ರೇ ಮತ್ತು ಪೂರ್ತಿ ಮುಚ್ಚಿದ ವಸಡು ನೋಡಿದ ಮೇಲೆಯೇ. ಜೊಲ್ಲಿಲ್ಲದ ಬಾಯಲ್ಲಿ ಸೆಟ್ಟು ಜಾರಿ ಉಜ್ಜಿ ಹುಣ್ಣು ಮಾಡುತ್ತದೆ, ಆ ಹುಣ್ಣೇ ಮೂಳೆಯವರೆಗೆ ಇಳಿಯಬಹುದು. ಅಂಚು ಮೋಟಾಗಿ, ನುಣುಪಾಗಿ ಇರಬೇಕು. ರಾತ್ರಿ ಕಡ್ಡಾಯವಾಗಿ ತೆಗೆದು ನೀರಲ್ಲಿ ಹಾಕಿಡಬೇಕು. ಕೊಟ್ಟ ಮರುದಿನ, ಮತ್ತೆ ವಾರದೊಳಗೆ ಒತ್ತುವ ಜಾಗ ನೋಡಿ ಸವೆಸಬೇಕು. ಎಲ್ಲಾದರೂ ಕೆಂಪಾಗಿ ಉರಿ ಶುರುವಾದರೆ ಸೆಟ್ಟನ್ನು ಡಬ್ಬಿಯಲ್ಲಿಟ್ಟು, ಬಾಯಿಗೆ ಹಾಕಿಕೊಳ್ಳದೆ ಕ್ಲಿನಿಕ್ಕಿಗೆ ತರಬೇಕು.